ಹೇಳದೆ ಹೋಗಿ ನೋಡಬೇಕು

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ನನಗೆ ರೂಢಿಯಿಲ್ಲ. ಮೂವತ್ತೆರಡು ವರ್ಷ ಈ ಮುಂಬಯಿಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ, ಕೊನೆಗೆ ಮೇಟ್ರನ್ ಆಗಿ ದುಡಿದು ನಿವೃತ್ತಳಾದವಳು ನಾನು. ನಮ್ಮ ನಿಧಿಯಿಂದ ವೃದ್ಧಾಶ್ರಮಗಳಿಗೂ, ಅಲ್ಲಿರುವ ನಮ್ಮವರ ಔಷಧೋಪಚಾರಕ್ಕೂ ನೆರವು ಹೋಗುತ್ತಿದೆ. ಆ ಹಣ ಸರಿಯಾದ ಕಡೆ ಸೇರುತ್ತಿದೆಯೆ ಎಂದು ನೋಡಿಬರಲು ಸಮಿತಿಯವರು ಎರಡು ವರ್ಷದ ಹಿಂದೆ ನಮ್ಮ ಮೂವರಿಗೆ ಕೆಲಸ ಒಪ್ಪಿಸಿದರು. ಬದ್ಲಾಪುರ, ಕರ್ಜತ್, ಪನ್ವೇಲ್, ವಸಯಿ ಕಡೆ ಎಲ್ಲ ಸುತ್ತಿದೆವು. ಲೋಕಲ್ ರೈಲಿನಲ್ಲಿ ಹೋಗಿ, ಸ್ಟೇಷನ್ನಿನಿಂದ ರಿಕ್ಷಾ ಹಿಡಿದು, ಕೆಲವು ಕಡೆ ಕೆಸರು ದಾರಿಯಲ್ಲಿ ನಡೆದೂ ಹೋದೆವು. ಅಲ್ಲಿ ಏನು ನೋಡಿದೆವು, ಏನು ನೋಡಬೇಕು, ನಮ್ಮ ಸಂಘ ಏನು ಮಾಡಬಹುದು, ಇಷ್ಟನ್ನು ಹೇಳಿ ಕೂರುತ್ತೇನೆ.

ಮೊದಲಿಗೆ ಒಂದು ಪದದ ಗೊಂದಲ. ನಮ್ಮಲ್ಲಿ 'ನರ್ಸಿಂಗ್ ಹೋಮ್' ಎಂದರೆ ಹತ್ತಿಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಎಲ್ಲ ಅಲ್ಲೇ. ಇಂಗ್ಲೆಂಡ್, ಅಮೆರಿಕದಲ್ಲಿ ಅದೇ ಹೆಸರಿಗೆ ಅರ್ಥ ಬೇರೆ. ಎದ್ದು ಓಡಾಡಲಾಗದ, ಆರೈಕೆ ಬೇಕಾದ ವೃದ್ಧರು ಉಳಿದ ಆಯುಷ್ಯ ಕಳೆಯುವ ಮನೆ ಅದು. ನಮ್ಮಲ್ಲಿ ಇಂಥದ್ದಕ್ಕೆ ವೃದ್ಧಾಶ್ರಮ, ಕೇರ್ ಸೆಂಟರ್, ಸೇವಾಸದನ ಎಂದು ಹತ್ತಾರು ಬೋರ್ಡುಗಳಿವೆ. ಹೆಸರಿನ ಗೊಂದಲದಿಂದ ಕಾನೂನಿನ ಗೊಂದಲವೂ ಹುಟ್ಟಿದೆ. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್‌ಗಳ ನೋಂದಣಿಗೆ 1949ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಮುಂಬಯಿಯಲ್ಲಿ ಅದನ್ನು ನೋಡಿಕೊಳ್ಳುವುದು ಮಹಾನಗರಪಾಲಿಕೆ. ಆದರೆ ನಾಲ್ಕು ಫ್ಲ್ಯಾಟು ಒಟ್ಟು ಮಾಡಿ, ಅಥವಾ ಊರಾಚೆ ಒಂದು ಬಂಗಲೆ ಬಾಡಿಗೆಗೆ ಹಿಡಿದು ಮೂವತ್ತು ಜನ ವೃದ್ಧರನ್ನು ಇಟ್ಟುಕೊಂಡವರು, "ನಮ್ಮದು ಆಸ್ಪತ್ರೆಯಲ್ಲ, ಆಶ್ರಮ" ಎನ್ನುತ್ತಾರೆ. ಆ ಮೂವತ್ತು ಜನರಲ್ಲಿ ಹತ್ತು ಜನರಿಗೆ ಮೂಗಿನಲ್ಲಿ ನಳಿಕೆ ಇರುತ್ತದೆ, ಮೂತ್ರಕ್ಕೆ ಕ್ಯಾಥೆಟರ್ ಇರುತ್ತದೆ. ಕೆಲಸ ಆಸ್ಪತ್ರೆಯದ್ದು, ಹೆಸರು ಆಶ್ರಮದ್ದು.

ಇನ್ನು 2007ರ ಕೇಂದ್ರ ಕಾಯ್ದೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಎಂದು ನೀವು ಕೇಳಿರುತ್ತೀರಿ. ಅದರ 19ನೇ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ಒಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರಕಾರ ಸ್ಥಾಪಿಸಬಹುದು ಎನ್ನುತ್ತದೆ. 'ಬಹುದು' ಎಂದಿದೆ, 'ಬೇಕು' ಎಂದಿಲ್ಲ. ಖಾಸಗಿಯವರು ನಡೆಸುವ ಮನೆಗಳು ನೋಂದಣಿ ಮಾಡಿಸಲೇಬೇಕು, ಇಂಥಿಂಥ ಅಧಿಕಾರಿ ಹೋಗಿ ತಪಾಸಣೆ ಮಾಡಲೇಬೇಕು ಎಂಬ ಕಲಮು ಆ ಕಾಯ್ದೆಯಲ್ಲಿಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ತಿದ್ದುಪಡಿ ಮಸೂದೆ ಮಂಡನೆಯಾಯಿತು. ಆರೈಕೆ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡೂ ಅದರಲ್ಲಿದ್ದವು. ಅದು ಕಾನೂನಾಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2018ರ ಡಿಸೆಂಬರಿನಲ್ಲಿ, ಡಾ. ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನು ರಾಜ್ಯಗಳಿಂದ ತರಿಸಿಕೊಳ್ಳಿ ಎಂದು ಕೇಂದ್ರ ಸರಕಾರಕ್ಕೆ ನಿರ್ದೇಶನ ಕೊಟ್ಟಿತ್ತು. ಎಷ್ಟಿವೆ ಎಂಬ ಲೆಕ್ಕಕ್ಕೇ ಕೋರ್ಟು ಹೇಳಬೇಕಾಯಿತು ಎಂದ ಮೇಲೆ, ಅವುಗಳ ಒಳಗೆ ಏನು ನಡೆಯುತ್ತದೆ ಎಂದು ಯಾರು ನೋಡುತ್ತಿದ್ದಾರೆ ಎಂಬುದನ್ನು ನೀವೇ ಊಹಿಸಿ.

ಬೇರೆ ದೇಶಗಳಲ್ಲಿಯೂ ಇದು ತಾನಾಗಿಯೇ ಸರಿಹೋದದ್ದಲ್ಲ. ಅಮೆರಿಕದಲ್ಲಿ ಹಗರಣಗಳಾಗಿ, ವರದಿಗಳಾಗಿ, ಕೊನೆಗೆ 1987ರಲ್ಲಿ ಒಂದು ಸುಧಾರಣಾ ಕಾಯ್ದೆ ಬಂತು. ಅದರ ಪ್ರಕಾರ ಸರಕಾರದ ಹಣ ಪಡೆಯುವ ಪ್ರತಿಯೊಂದು ಮನೆಗೂ ಹೆಚ್ಚೆಂದರೆ 15 ತಿಂಗಳಿಗೊಮ್ಮೆ ತಪಾಸಣೆ ಆಗಬೇಕು, ಅದೂ ಮುಂಚೆ ತಿಳಿಸದೆ. ತಪಾಸಣೆಯ ಸುದ್ದಿಯನ್ನು ಯಾರಾದರೂ ಮೊದಲೇ ಆ ಮನೆಯವರಿಗೆ ಮುಟ್ಟಿಸಿದರೆ ಅವರಿಗೆ 2,000 ಡಾಲರ್‌ವರೆಗೆ ದಂಡ ಎಂದು ಕಾಯ್ದೆಯಲ್ಲೇ ಬರೆದಿದ್ದಾರೆ. ಮನುಷ್ಯ ಸ್ವಭಾವ ಬಲ್ಲವರು ಬರೆದ ಕಾಯ್ದೆ ಅದು. ಇಂಗ್ಲೆಂಡಿನಲ್ಲಿ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಅವರು ಐದು ಪ್ರಶ್ನೆ ಕೇಳುತ್ತಾರೆ: ಇಲ್ಲಿರುವವರು ಸುರಕ್ಷಿತರೆ? ಆರೈಕೆಯಿಂದ ನಿಜವಾಗಿ ಪ್ರಯೋಜನ ಆಗುತ್ತಿದೆಯೆ? ಅಕ್ಕರೆಯಿಂದ ನೋಡಿಕೊಳ್ಳುತ್ತಾರೆಯೆ? ಅವರವರ ಅಗತ್ಯಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆಯೆ? ನಡೆಸುವವರಿಗೆ ನಡೆಸಲು ಬರುತ್ತದೆಯೆ? ಕಮಿಷನ್ ಕೊಟ್ಟ ದರ್ಜೆಯನ್ನು ಆ ಮನೆಯವರು ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಲ್ಲಿಯೂ ದೂರುಗಳಿವೆ, ಕೆಟ್ಟ ಮನೆಗಳಿವೆ. ಆದರೆ ನೋಡುವವರು ಒಬ್ಬರಿದ್ದಾರೆ.

ನಮ್ಮ ಮೂವರಿಗೆ ಸರಕಾರದ ಅಧಿಕಾರ ಯಾವುದೂ ಇಲ್ಲ. ಬೀಗ ತೆಗೆಯಿರಿ ಎನ್ನುವ ಹಕ್ಕಿಲ್ಲ. ಆದರೂ ಒಬ್ಬ ನರ್ಸಿನ ಕಣ್ಣಿಗೆ ಎಷ್ಟೋ ಕಾಣುತ್ತದೆ. ಅದನ್ನು ನಿಮಗೂ ಹೇಳಿಕೊಟ್ಟರೆ ನಾಳೆ ನಿಮ್ಮ ಚಿಕ್ಕಮ್ಮನನ್ನೋ ಸೋದರಮಾವನನ್ನೋ ನೋಡಲು ಹೋದಾಗ ನೀವೂ ಗಮನಿಸಬಹುದು.

ಎದುರಿನ ಹಾಲನ್ನು ನೋಡಿ ಮನೆ ಹೇಗಿದೆ ಎಂದು ತೀರ್ಮಾನಿಸಬೇಡಿ. ಹಾಲಿನಲ್ಲಿ ದೇವರ ಪಟ, ಟಿವಿ, ನಗುನಗುತ್ತ ಕೂತ ನಾಲ್ಕು ಅಜ್ಜಿಯರು ಇರುತ್ತಾರೆ. ಕೂತು ಮಾತಾಡಬಲ್ಲವರು ಹೇಗೋ ತಮ್ಮ ಕಾಳಜಿ ತಾವು ಮಾಡಿಕೊಳ್ಳುತ್ತಾರೆ. ಹಿಂದಿನ ಕೋಣೆಗೆ ಹೋಗಿ, ಮಲಗಿದಲ್ಲೇ ಇರುವವರನ್ನು ನೋಡಿ. ಅವರ ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳಭಾಗ ನೋಡಬೇಕು. ತಾವಾಗಿ ಮಗ್ಗುಲಾಗಲು ಬಾರದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ನಾವು ತರಬೇತಿಯಲ್ಲೇ ಕಲಿತ ಪಾಠ. ಹಾಗೆ ಮಾಡದಿದ್ದರೆ ಮೊದಲು ಚರ್ಮ ಕೆಂಪಾಗುತ್ತದೆ, ಒತ್ತಿ ಬಿಟ್ಟರೂ ಆ ಕೆಂಪು ಹೋಗುವುದಿಲ್ಲ. ನಮ್ಮಂಥ ಕಪ್ಪು ಚರ್ಮದವರಲ್ಲಿ ಕೆಂಪು ಕಾಣದೆಯೂ ಇರಬಹುದು. ಆಗ ಆ ಜಾಗ ಬಿಸಿಯಾಗಿ, ಗಟ್ಟಿಯಾಗಿರುತ್ತದೆ, ಕೈಯಿಟ್ಟು ನೋಡಬೇಕು. ಅಲ್ಲೇ ತಡೆದರೆ ಸರಿ. ಬಿಟ್ಟರೆ ಹುಣ್ಣಾಗಿ, ಆಳಕ್ಕೆ ಇಳಿದು, ಮೂಳೆ ಮುಟ್ಟಿ, ಸೋಂಕು ರಕ್ತಕ್ಕೆ ಸೇರಿ ಪ್ರಾಣ ಹೋಗುತ್ತದೆ. ಬೆಡ್‌ಸೋರ್ ಎಂಬುದು ಮುಪ್ಪಿನ ಸಹಜ ರೋಗವಲ್ಲ. ಬಹುಪಾಲು ಅದು ಯಾರೋ ಬರಬೇಕಾದಾಗ ಬಾರದೆ ಹೋದದ್ದರ ಗುರುತು.

ತೂಕದ ಪುಸ್ತಕ ಕೇಳಿ. ತಿಂಗಳಿಗೊಮ್ಮೆ ಪ್ರತಿಯೊಬ್ಬರ ತೂಕ ಬರೆದಿಡಲು ದೊಡ್ಡ ಖರ್ಚೇನೂ ಇಲ್ಲ. ಐವತ್ತು ಕಿಲೋ ಇದ್ದವರು ಒಂದೇ ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಡಾಕ್ಟರರಿಗೆ ತೋರಿಸಲೇಬೇಕು. ಊಟ ಕೊಡುತ್ತಾರೆ ಎಂಬುದಷ್ಟೇ ಸಾಲದು. ಊಟ ಹೊಟ್ಟೆಗೆ ಹೋಗುತ್ತಿದೆಯೆ ಎಂದು ತಿಳಿಯುವುದು ತೂಕದಿಂದ. ಹಲ್ಲಿಲ್ಲದವರ ಎದುರು ಗಟ್ಟಿ ಚಪಾತಿಯ ತಟ್ಟೆ ಇಟ್ಟು, ಅರ್ಧ ಗಂಟೆಯ ಮೇಲೆ ಹಾಗೇ ಎತ್ತಿಕೊಂಡು ಹೋದದ್ದನ್ನು ನಾವು ಕಂಡಿದ್ದೇವೆ. ಪುಸ್ತಕದಲ್ಲಿ ಮಾತ್ರ 'ಊಟ ಆಯಿತು' ಎಂದಿತ್ತು.

ಕುಡಿಯುವ ನೀರಿನ ಲೋಟ ಕೈಗೆ ಎಟಕುವಂತಿದೆಯೆ ನೋಡಿ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೆ, ನೆಲ ಜಾರುತ್ತದೆಯೆ, ಒಳಗಿನ ಚಿಲಕವನ್ನು ಹೊರಗಿನಿಂದಲೂ ತೆಗೆಯಲು ಬರುತ್ತದೆಯೆ, ರಾತ್ರಿ ಅಲ್ಲಿ ದೀಪ ಉರಿಯುತ್ತದೆಯೆ ನೋಡಿ. ಕಿಟಕಿಗಳಿಗೆಲ್ಲ ಗ್ರಿಲ್ಲು, ಬಾಗಿಲಿಗೆ ಬೀಗ, ಬೀಗದ ಕೈ ಮ್ಯಾನೇಜರರ ಮನೆಯಲ್ಲಿ ಎಂದರೆ ಬೆಂಕಿ ಬಿದ್ದ ದಿನ ಏನು ಗತಿ? ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದಾಗ ಉತ್ತರಕ್ಕೆ ತಡವರಿಸಿದವರು ಒಬ್ಬಿಬ್ಬರಲ್ಲ.

ಔಷಧದ ವಿಷಯ. ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಹಾಳೆ ಇರಬೇಕು. ಯಾವ ಮಾತ್ರೆ, ಎಷ್ಟು ಗಂಟೆಗೆ, ಕೊಟ್ಟವರು ಯಾರು ಎಂದು ಆಗಿಂದಾಗ ಸಹಿ ಬೀಳಬೇಕು. ಇಡೀ ತಿಂಗಳಿನ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಅದು ಒಂದೇ ದಿನ ಕೂತು ಬರೆದದ್ದು. ಹಗಲು ಹೊತ್ತಿನಲ್ಲಿ ಹೋದಾಗ ಎಲ್ಲರೂ ತೂಕಡಿಸುತ್ತಿದ್ದರೆ ಏನು ಕೊಡುತ್ತಿದ್ದಾರೆ ಎಂದು ಕೇಳಿ. ಮರೆವಿನ ಕಾಯಿಲೆಯವರು ರಾತ್ರಿ ಕೂಗುತ್ತಾರೆ, ಎದ್ದು ತಿರುಗುತ್ತಾರೆ, ನಿಜ. ಅವರನ್ನು ಸುಮ್ಮನಿರಿಸಲು ಕೊಡುವ ಮನೋರೋಗದ ಕೆಲವು ಮಾತ್ರೆಗಳಿಂದ ಅಂಥ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೇ ಎಚ್ಚರಿಸಿದೆ. ಡಾಕ್ಟರರು ಪರೀಕ್ಷಿಸಿ ಬರೆದರೆ ಅದು ಔಷಧ. ಆಯಾ ತನ್ನ ನಿದ್ದೆಗಾಗಿ ಕೊಟ್ಟರೆ ಅದು ಬೇರೆ ಬಗೆಯ ಹಗ್ಗ.

ಹಗ್ಗದ ಮಾತು ಬಂತು. ಹಳೆ ಸೀರೆಯ ಪಟ್ಟಿಯಲ್ಲಿ ಮಂಚಕ್ಕೆ ಕೈ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಕೇಳಿದರೆ, "ಸಿಸ್ಟರ್, ಬಿಟ್ಟರೆ ಬೀಳುತ್ತಾರೆ, ನಳಿಕೆ ಕಿತ್ತುಕೊಳ್ಳುತ್ತಾರೆ, ರಾತ್ರಿ ನಾನೊಬ್ಬಳೇ" ಎಂದಳು ಅಲ್ಲಿಯ ಮಾವಶಿ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸರಪಳಿ ಹಾಕುವುದಕ್ಕೆ ಯಾವ ರೂಪದಲ್ಲೂ ಅವಕಾಶವಿಲ್ಲ. ಒಂಟಿಯಾಗಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಿಡಿದಿಡಬಹುದು, ಅದಕ್ಕೂ ಕಾರಣ ಬರೆದಿಡಬೇಕು. ಶಿಕ್ಷೆಗಾಗಿ ಮಾಡುವಂತಿಲ್ಲ. ಜನ ಸಾಲದು ಎಂಬುದು ಕಾರಣವಾಗುವಂತಿಲ್ಲ. ನೆನಪು, ವಿವೇಚನೆ ಪೂರಾ ಕೆಟ್ಟ ಸ್ಥಿತಿಯನ್ನೂ ಆ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುವುದರಿಂದ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಮನೆಗಳು "ಇದು ನಮಗೆ ಸಂಬಂಧಿಸಿದ್ದಲ್ಲ" ಎಂದು ಕೈ ತೊಳೆದುಕೊಳ್ಳಲಾಗದು.

ಕೊನೆಯದು ಹಣ. ಅಜ್ಜನ ಪಿಂಚಣಿ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಪಿನ್ ನಂಬರು ಯಾರ ಬಳಿ ಇದೆ? ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಬೇಕು. ಆಗ ಬೆರಳಚ್ಚು ಒತ್ತಿಸುವಾಗ ಜೊತೆಯಲ್ಲಿ ಯಾರಿರುತ್ತಾರೆ? ಸೇರುವಾಗ ಕೊಟ್ಟ ಠೇವಣಿ ಎಷ್ಟು, ಮರಳಿ ಕೊಡುವುದು ಯಾವಾಗ ಎಂಬುದು ಬರವಣಿಗೆಯಲ್ಲಿದೆಯೆ? ಇದನ್ನು ಕೇಳಲು ನಾಚಿಕೆಪಡಬೇಡಿ. ಒಳ್ಳೆಯ ಮನೆಯವರು ಕೇಳಿದ ಕೂಡಲೆ ರಶೀದಿ ಪುಸ್ತಕ ತಂದು ತೋರಿಸುತ್ತಾರೆ.

ಈಗ ಹೇಳುವ ಮಾತು ನಮ್ಮ ಸಂಘಕ್ಕೇ ಸಂಬಂಧಿಸಿದ್ದು, ದಯವಿಟ್ಟು ಗಮನಿಸಿ. ಮುಂಬಯಿಗೆ ಬಂದ ನಮ್ಮವರು ಹೋಟೆಲಿನಲ್ಲಿ, ಮಿಲ್ಲಿನಲ್ಲಿ, ಆಫೀಸಿನಲ್ಲಿ ನಲವತ್ತು ವರ್ಷ ಹಿಂದಿ, ಮರಾಠಿ ಮಾತಾಡಿ ಬದುಕು ಕಟ್ಟಿದವರು. ಮರೆವಿನ ಕಾಯಿಲೆ ಹಿಡಿದಾಗ ಆಮೇಲೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಹೋಗುತ್ತದೆ. ಉಳಿಯುವುದು ತೊಟ್ಟಿಲಿನ ಭಾಷೆ. ಪನ್ವೇಲ್ ಕಡೆಯ ಒಂದು ಮನೆಯಲ್ಲಿ ಒಬ್ಬ ಅಜ್ಜಿ ಎರಡು ದಿನದಿಂದ ಕಿರುಚುತ್ತಿದ್ದಾರೆ, ಯಾರನ್ನೂ ಮುಟ್ಟಗೊಡುವುದಿಲ್ಲ ಎಂದು ಅಲ್ಲಿಯವರು ದೂರಿದರು. ಗಲಾಟೆಯವರು ಎಂದು ಹೆಸರಿಟ್ಟು ಬಾಗಿಲು ಮುಂದೆ ಮಾಡಿದ್ದರು. ನಾವು ಹೋಗಿ ಪಕ್ಕದಲ್ಲಿ ಕೂತು, "ಏನಾಯ್ತಮ್ಮ?" ಎಂದು ಕೇಳಿದ್ದಷ್ಟೇ. "ತೊಡೆ ಸೆಳೀತದೆ ಮಗಾ, ಸತ್ತೋಗ್ತೀನಿ" ಎಂದು ಕೈ ಹಿಡಿದುಕೊಂಡರು. ಬಿದ್ದಿದ್ದರು. ಎಕ್ಸ್‌ರೇ ತೆಗೆಸಿದಾಗ ತೊಡೆಯ ಮೂಳೆ ಮುರಿದಿತ್ತು. ಎರಡು ದಿನ ಆ ಜೀವ 'ನೋವು, ನೋವು' ಎಂದು ಕನ್ನಡದಲ್ಲಿ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳುವವರಿಗೆ ಆ ಪದ ಗೊತ್ತಿರಲಿಲ್ಲ. ಆ ಮಾವಶಿಯರು ಕಟುಕರಲ್ಲ; ಅವರಲ್ಲಿ ಒಬ್ಬಳು ಎಕ್ಸ್‌ರೇ ನೋಡಿ ಅತ್ತಳು.

ಯಾವ ಸರಕಾರಿ ತಪಾಸಣೆಯವರೂ ಇದನ್ನು ಕಂಡುಹಿಡಿಯುತ್ತಿರಲಿಲ್ಲ. ಅವರು ಹಿಂದಿಯಲ್ಲಿ ಕೇಳುತ್ತಾರೆ, ಮ್ಯಾನೇಜರರು "ಸಬ್ ಠೀಕ್ ಹೈ" ಎನ್ನುತ್ತಾರೆ, ಫಾರಂ ತುಂಬುತ್ತದೆ. ಕನ್ನಡ, ತುಳು, ಕೊಂಕಣಿ ಬಲ್ಲ ಒಬ್ಬರು ತಿಂಗಳಿಗೊಮ್ಮೆ ಹೋಗಿ ಮಂಚದ ಪಕ್ಕ ಹದಿನೈದು ನಿಮಿಷ ಕೂತರೆ ಅದು ಔಷಧಿಗಿಂತ ಕಡಿಮೆಯಲ್ಲ. ಈ ಕೆಲಸವನ್ನು ಈ ಊರಿನಲ್ಲಿ ನಮ್ಮಂಥ ಸಂಘ ಮಾಡದಿದ್ದರೆ ಇನ್ನಾರು ಮಾಡುತ್ತಾರೆ?

ಮ್ಯಾನೇಜರರ ಎದುರಿನಲ್ಲಿ ನಿಮ್ಮ ಅಜ್ಜನನ್ನು "ಚೆನ್ನಾಗಿ ನೋಡಿಕೊಳ್ತಾರಾ?" ಎಂದು ಕೇಳಬೇಡಿ. ಹೌದು ಎಂದೇ ಹೇಳುತ್ತಾರೆ. ಒಬ್ಬ ಹಿರಿಯರು ನಾವು ಹೊರಡುವಾಗ ಪಿಸುಮಾತಿನಲ್ಲಿ ನನಗೆ ಹೇಳಿದರು: "ಅಮ್ಮಾ, ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ನಾಳೆ ನನಗೆ ಸ್ನಾನ ಮಾಡಿಸೋರು ಅವರೇ." ಈ ಭಯ ಅರ್ಥವಾದರೆ ರಕ್ಷಣೆ ಎಂದರೆ ಏನೆಂದು ಅರ್ಥವಾದಂತೆ. ಗೋಡೆಯ ಮೇಲೆ ದೂರಿನ ಪೆಟ್ಟಿಗೆ ತೂಗುಹಾಕಿದರೆ ಸಾಲದು. ಎದ್ದು ಹೋಗಿ ಅದರಲ್ಲಿ ಚೀಟಿ ಹಾಕಲು ಅವರಿಗೆ ಕಾಲೆಲ್ಲಿದೆ? ಮತ್ತೆ ಮತ್ತೆ ಬರುವ, ಹೇಳದೆ ಬರುವ, ಆ ಮನೆಯಿಂದ ಸಂಬಳ ತೆಗೆದುಕೊಳ್ಳದ ಒಬ್ಬ ಹೊರಗಿನ ಮನುಷ್ಯ ಬೇಕು. ಅವರು ಬರುತ್ತಾರೆಂಬುದು ಆಯಾಳಿಗೂ ಗೊತ್ತಿರಬೇಕು, ಅಜ್ಜನಿಗೂ ಗೊತ್ತಿರಬೇಕು.

ದೂರು ಇದ್ದೇ ಇದ್ದರೆ ದಾರಿಗಳಿವೆ. ಎಲ್ಡರ್‌ಲೈನ್ ಎಂಬ ಕೇಂದ್ರ ಸರಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14567. ದಯವಿಟ್ಟು ಈಗಲೇ ನಿಮ್ಮ ಮೊಬೈಲಿನಲ್ಲಿ ಸೇರಿಸಿಕೊಳ್ಳಿ. ವಾರದ ಏಳೂ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಅದಕ್ಕೆ ಕರೆ ಮಾಡಬಹುದು. ಮಕ್ಕಳು ತಂದುಬಿಟ್ಟು ಹೋಗಿ ಫೀಸನ್ನೂ ಕಟ್ಟದಿದ್ದರೆ, 2007ರ ಕಾಯ್ದೆಯ ಪ್ರಕಾರ ಪೋಷಣೆಗಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಹಿರಿಯರು ತಾವೇ ಹೋಗಲು ಅಶಕ್ತರಾದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಅವರ ಪರವಾಗಿ ಅರ್ಜಿ ಕೊಡಬಹುದು ಎಂದು ಐದನೇ ಕಲಮು ಹೇಳುತ್ತದೆ. ನಮ್ಮದು ನೋಂದಾಯಿತ ಸಂಘ. ಆ ಅರ್ಜಿಯನ್ನು ನಾವು ಕೊಡಬಹುದು, ಅಧ್ಯಕ್ಷರೆ. ಹಾಗೆಯೇ ನಿರಾಶ್ರಿತರಾಗಲೆಂದೇ ಹಿರಿಯರನ್ನು ಎಲ್ಲಾದರೂ ಬಿಟ್ಟು ಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಷ್ಟೆಲ್ಲ ಕೇಳಿ ವೃದ್ಧಾಶ್ರಮ ನಡೆಸುವವರೆಲ್ಲ ಕೆಟ್ಟವರು ಎಂದುಕೊಂಡು ನೀವು ಮನೆಗೆ ಹೋಗಬಾರದು. ಬದ್ಲಾಪುರದ ಹತ್ತಿರ ಗಂಡ ಹೆಂಡತಿ ಇಬ್ಬರೇ ನಿಂತು ನಡೆಸುವ ಒಂದು ಸಣ್ಣ ಮನೆಗೆ ನಾವು ಮೂರು ಸಲ ಹೋದೆವು, ಮೂರು ಸಲವೂ ಹೇಳದೆ. ಗೋಡೆಯ ಬಣ್ಣ ಹೋಗಿತ್ತು, ಹಾಲಿನ ಕುರ್ಚಿಗಳು ಮುರಿದಿದ್ದವು. ಆದರೆ ಮಲಗಿದ್ದ ಒಂಬತ್ತು ಜನರಲ್ಲಿ ಒಬ್ಬರಿಗೂ ಹುಣ್ಣಿರಲಿಲ್ಲ. ಮಗ್ಗುಲು ಬದಲಿಸಿದ ಹೊತ್ತನ್ನು ಪ್ರತಿ ಮಂಚದ ತಲೆಗೆ ಹಾಳೆ ಕಟ್ಟಿ ಬರೆದಿದ್ದರು. ರಾತ್ರಿ ಪಾಳಿಗೆ ಇಬ್ಬರಿದ್ದರು. "ಅಷ್ಟು ಸಂಬಳ ಹೇಗೆ ಕೊಡುತ್ತೀರಿ?" ಎಂದು ಕೇಳಿದೆ. "ಬಣ್ಣ ಹೊಡೆಸೋದು ಬಿಟ್ಟಿದ್ದೇವೆ" ಎಂದರು ಆ ತಾಯಿ.

ಹಾಗೆಯೇ ಮಾವಶಿಯರ ಪಾಡನ್ನೂ ನೋಡಬೇಕು. ಹನ್ನೆರಡು ಗಂಟೆಯ ಪಾಳಿ, ಬ್ಯೂರೋದವರ ಕಮಿಷನ್ ಕಳೆದು ಕೈಗೆ ಬರುವ ಸಂಬಳ, ತರಬೇತಿ ಎಂಬುದಿಲ್ಲ. ತೊಂಬತ್ತು ವರ್ಷದವರನ್ನು ಎತ್ತುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಸೊಂಟ ಹಿಡಿದುಕೊಂಡೇ ದುಡಿಯುತ್ತಾರೆ. ನಾವು ಎರಡು ಮನೆಗಳಲ್ಲಿ ಅರ್ಧ ದಿನದ ತರಬೇತಿ ಇಟ್ಟುಕೊಂಡೆವು: ಮಗ್ಗುಲು ಬದಲಿಸುವುದು, ಕೈ ತೊಳೆಯುವುದು, ಕುಳ್ಳಿರಿಸಿ ಉಣ್ಣಿಸುವುದು, ಜೊತೆಗೆ ಕನ್ನಡದ ಹತ್ತು ಪದ. ನೋವು, ನೀರು, ಹಸಿವು, ಚಳಿ, ಬಾತ್‌ರೂಮಿಗೆ, ಹೀಗೆ. ಆ ಪದಗಳನ್ನು ಮರಾಠಿ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆವು. ಆಮೇಲೆ ಹೋದಾಗ ಒಬ್ಬ ಮಾವಶಿ ಅಜ್ಜನ ಕಿವಿಯ ಹತ್ತಿರ ಬಾಗಿ "ನೋವು?" ಎಂದು ಕೇಳುತ್ತಿದ್ದಳು. ಅಜ್ಜ ತಲೆಯಾಡಿಸಿ ಮೊಣಕಾಲು ತೋರಿಸಿದರು.

ಇನ್ನು ದಾನಿಗಳಾದ ನಿಮ್ಮ ಹತ್ತಿರ ಒಂದು ಮಾತು. ಬೇಸರ ಮಾಡಿಕೊಳ್ಳಬಾರದು. ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ, ಹಿರಿಯರ ತಿಥಿಗೆ ವೃದ್ಧಾಶ್ರಮದಲ್ಲಿ ಊಟ ಹಾಕಿಸುವುದು ನಮ್ಮಲ್ಲಿ ಬೆಳೆದುಬಂದ ಒಳ್ಳೆಯ ಪದ್ಧತಿ. ಅನ್ನದಾನಕ್ಕೆ ಮಿಗಿಲಾದ ದಾನವಿಲ್ಲ ಎಂದೇ ನಾವು ಕೇಳಿ ಬೆಳೆದವರು. ಆದರೆ ಕೆಲವು ಮನೆಗಳಲ್ಲಿ ಭಾನುವಾರದ ಮಧ್ಯಾಹ್ನಗಳೆಲ್ಲ ಮುಂಗಡವಾಗಿ ಬುಕ್ ಆಗಿವೆ. ಒಂದೇ ವಾರದಲ್ಲಿ ಮೂರು ದಿನ ಜಿಲೇಬಿ, ಸಕ್ಕರೆ ಕಾಯಿಲೆಯವರಿಗೂ. ರಾತ್ರಿಯ ಆಯಾಳಿಗೆ ಸಂಬಳ ಕೊಡುತ್ತೇನೆ ಎಂದು ಮುಂದೆ ಬಂದವರನ್ನು ನಾನು ಇನ್ನೂ ಕಂಡಿಲ್ಲ. ಅದಕ್ಕೆ ಫೋಟೋ ಇಲ್ಲ, ನಿಜ. ಗಾಳಿ ತುಂಬುವ ಒಂದು ಏರ್ ಬೆಡ್ಡಿಗೆ ಆಗುವ ಖರ್ಚು ನಲವತ್ತು ಜನರ ಒಂದು ವಿಶೇಷ ಊಟಕ್ಕಿಂತ ಹೆಚ್ಚಲ್ಲ. ಊಟ ಸಂಜೆಗೆ ಮರೆಯುತ್ತದೆ. ಆ ಹಾಸಿಗೆ ವರ್ಷಗಟ್ಟಲೆ ಒಬ್ಬರ ಬೆನ್ನು ಕಾಯುತ್ತದೆ.

ಆದ್ದರಿಂದ ಸಮಿತಿಯ ಮುಂದೆ ನಾವು ಮೂವರು ಇಟ್ಟಿರುವ ಸಲಹೆ ಇಷ್ಟು. ಮುಂದಿನ ವರ್ಷದಿಂದ ನಮ್ಮ ನಿಧಿಯ ನೆರವು ಪಡೆಯುವ ಪ್ರತಿಯೊಂದು ಮನೆಯೂ ನಾಲ್ಕು ಷರತ್ತು ಒಪ್ಪಬೇಕು. ಒಂದು, ನಮ್ಮವರು ಹಗಲಾಗಲಿ ರಾತ್ರಿಯಾಗಲಿ ಮುಂಚೆ ಹೇಳದೆ ಬರಬಹುದು, ವಾಸಿಗಳ ಜೊತೆ ಒಂಟಿಯಾಗಿ ಮಾತಾಡಬಹುದು. ಎರಡು, ತೂಕ, ಔಷಧ, ಬಿದ್ದದ್ದು, ಹುಣ್ಣು, ಸಾವು ಇವುಗಳ ಪುಸ್ತಕ ಇಡಬೇಕು, ಕೇಳಿದಾಗ ತೋರಿಸಬೇಕು. ಮೂರು, ಕಟ್ಟುವುದು, ಕೂಡಿಹಾಕುವುದು ನಡೆಯಬಾರದು. ನಾಲ್ಕು, ವಾಸಿಗಳ ಬ್ಯಾಂಕು ಕಾಗದ ಸಿಬ್ಬಂದಿಯ ಕೈಯಲ್ಲಿರಬಾರದು. ಒಪ್ಪಿದವರಿಗೆ ಹಣ ಹೆಚ್ಚೇ ಕೊಡೋಣ: ರಾತ್ರಿ ಪಾಳಿಯ ಸಂಬಳಕ್ಕೆ, ಏರ್ ಬೆಡ್ಡಿಗೆ, ಡೈಪರಿಗೆ, ತಿಂಗಳಿಗೆರಡು ಸಲ ಬರುವ ಫಿಸಿಯೋಥೆರಪಿಸ್ಟರಿಗೆ.

"ದಾನ ಕೊಟ್ಟ ಮೇಲೆ ಲೆಕ್ಕ ಕೇಳಬಾರದು" ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಹೇಳಿದರು. ಅವರ ಬಗ್ಗೆ ನನಗೆ ಗೌರವವಿದೆ. ನಮಗಾಗಿ ಲೆಕ್ಕ ಕೇಳುವುದು ಬೇಡ, ಸರಿ. ಆದರೆ ಆ ಹಣ ಯಾರ ಹೆಸರಿನಲ್ಲಿ ಹೋಗಿದೆಯೋ ಅವರಿಗೆ ಎದ್ದು ಬಂದು ಕೇಳುವ ಶಕ್ತಿಯಿಲ್ಲ. ಅವರ ಪರವಾಗಿ ನಾವು ಕೇಳಲೇಬೇಕು. ಷರತ್ತು ಹಾಕಿದರೆ ಕೆಲವು ಮನೆಗಳು ನಮ್ಮ ಹಣವೇ ಬೇಡ ಎನ್ನಬಹುದು, ಅಲ್ಲಿರುವ ನಮ್ಮವರಿಗೆ ನಷ್ಟವಾಗುತ್ತದೆ ಎಂಬ ಆತಂಕವೂ ಇದೆ. ಅದು ನಿಜವಾದ ಆತಂಕ. ಅಂಥ ಕಡೆ ಮನೆಗೆ ಕೊಡುವುದನ್ನು ನಿಲ್ಲಿಸಿ, ಆ ಒಬ್ಬರ ಔಷಧಿಯನ್ನು ನಾವೇ ಕೊಂಡು ಕೈಯಾರೆ ಮುಟ್ಟಿಸೋಣ. ಔಷಧಿ ಕೊಡುವ ನೆಪದಲ್ಲಿ ಒಳಗೆ ಹೋದಂತೆಯೂ ಆಗುತ್ತದೆ.

ನಿಮ್ಮಿಂದ ನಾನು ಕೇಳುವುದು ಎರಡು. ನಿಧಿಗೆ ಧಾರಾಳವಾಗಿ ಕೊಡಿ. ಊಟ ಹಾಕಿಸುವವರು ಹಾಕಿಸಿ, ಆದರೆ ನಾಲ್ಕು ಊಟಕ್ಕೆ ಒಂದರ ಹಣವನ್ನಾದರೂ ರಾತ್ರಿ ಪಾಳಿಗೆಂದು ಬರೆದು ಕೊಡಿ. ಎರಡನೆಯದು, ನಿಮ್ಮ ಸಮಯ. ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ತಿಂಗಳಲ್ಲಿ ಒಂದು ಅರ್ಧ ದಿನ ಕೊಡಬಲ್ಲವರು ಹೆಸರು, ಫೋನ್ ನಂಬರು, ಯಾವ ಯಾವ ಭಾಷೆ ಬರುತ್ತದೆ ಎಂಬುದನ್ನು ಬರೆಯಿರಿ. ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ, ಉತ್ತರ ಕರ್ನಾಟಕದ ಮಾತು ಎಲ್ಲವೂ ಬೇಕು. ನರ್ಸ್ ಆಗಿರಬೇಕಿಲ್ಲ, ಏನು ನೋಡಬೇಕೆಂದು ನಾವು ಹೇಳಿಕೊಡುತ್ತೇವೆ. ನಿವೃತ್ತರಾದವರು, ಮನೆಯಲ್ಲಿರುವ ತಾಯಂದಿರು, ಕಾಲೇಜಿನ ಹುಡುಗ ಹುಡುಗಿಯರು ಯಾರಾದರೂ ಆದೀತು. ಇಬ್ಬಿಬ್ಬರಾಗಿ ಕಳಿಸುತ್ತೇವೆ, ರೈಲಿನ ಖರ್ಚು ಸಂಘದ್ದು.

ಕಾನೂನು ಬರಲಿ, ಬರಬೇಕು. ಬಂದ ಮೇಲೂ ಯಾರಾದರೂ ಹೋಗಿ ಪಕ್ಕದಲ್ಲಿ ಕೂತು ಕೇಳಲೇಬೇಕಾಗುತ್ತದೆ. ಅದನ್ನು ನಾವು ಈ ತಿಂಗಳೇ ಶುರು ಮಾಡಬಹುದು. ಪುಸ್ತಕ ಹೊರಗೆ ಎಡಗಡೆಯ ಮೇಜಿನ ಮೇಲಿದೆ, ಪೆನ್ನೂ ಇದೆ.